ಏಳನೆಯ ದವಡೆ

ಮೊದಲ ಸಲ ಅಳೆದಾಗ ಒಂದೂವರೆ ಮಿಲಿಮೀಟರ್ ಬಂತು. ಎರಡನೆಯ ಸಲ ಒಂದು. ಮೂರನೆಯ ಸಲ ಸ್ಟೀಲಿನ ಸ್ಕೇಲನ್ನು ಫರ್ಹೀನಳ ಹಲ್ಲಿಗೆ ತಾಗಿಸುವಾಗ ತಾನು ಅಳೆಯುತ್ತಿರುವುದು ಅವಳ ಬಾಯನ್ನೋ ತನ್ನ ಅಂಜಿಕೆಯನ್ನೋ ಡಾಕ್ಟರ್ ಬಸವಕುಮಾರನಿಗೆ ತಿಳಿಯದೆ ಹೋಯಿತು. ಅರ್ಧ ಬಂತು. ಸ್ಕೇಲನ್ನು ಟ್ರೇಯಲ್ಲಿಟ್ಟು ಗ್ಲೌಸು ಬಿಚ್ಚಿದ. ಬಿಚ್ಚಿದ್ದೇಕೆಂದು ಗೊತ್ತಾಗದೆ ಹೊಸದೊಂದು ಜೊತೆ ಹಾಕಿಕೊಂಡ. ಯಾದಗಿರಿಯ ಆಸ್ಪತ್ರೆಯ ಆ ಸಣ್ಣ ಕೋಣೆಯ ಬಾಗಿಲ ತನಕ ಶನಿವಾರದ ಬೆಳಗಿನ ರೋಗಿಗಳು ನಿಂತಿದ್ದರು. ನರ್ಸ್ ಸೌಭಾಗ್ಯ ಫೈಲು ಬಿಚ್ಚಿ ಅವನು ಹೇಳುವ ಸಂಖ್ಯೆಗಾಗಿ ಕಾಯುತ್ತಿದ್ದಳು. ಕುರ್ಚಿಯಲ್ಲಿ ಒರಗಿದ್ದ ಫರ್ಹೀನಳ ಕಣ್ಣು ದೀಪವನ್ನು ತಪ್ಪಿಸಿ ನೇರ ಅವನ ಮುಖದ ಮೇಲಿತ್ತು. ಹದಿಮೂರು ತಿಂಗಳ ಹಿಂದೆ ಈಕೆಯ ಕೆಳದವಡೆಯನ್ನು ಎರಡೂ ಬದಿಗೆ ಉದ್ದಕ್ಕೆ ಸೀಳಿ, ಏಳು ಮಿಲಿಮೀಟರ್ ಹಿಂದಕ್ಕೆ ಸರಿಸಿ, ಬದಿಗೊಂದರಂತೆ ಟೈಟಾನಿಯಂ ಪ್ಲೇಟ್ ಕೂಡಿಸಿ ನಾಲ್ಕು ನಾಲ್ಕು ಸ್ಕ್ರೂ ಬಿಗಿದವನು ಅವನೇ. ಅಲ್ಲಿಯ ತನಕ ಅವಳ ಕೆಳಗಿನ ಹಲ್ಲುಸಾಲು ಮೇಲಿನದರ ಮುಂದೆ ಬಂದು ಕೂಡುತ್ತಿತ್ತು. ಗದ್ದ ಮುಂದಕ್ಕೆ ಚಾಚಿ, ಸುಮ್ಮನೆ ಕೂತಾಗಲೂ ಯಾರೊಂದಿಗೋ ಹಟ ಹಿಡಿದವಳಂತೆ ಕಾಣುತ್ತಿದ್ದಳು. ಆಪರೇಶನ್ ಮುಗಿದ ದಿನ ಮೇಲಿನ ಹಲ್ಲು ಎರಡೂವರೆ ಮಿಲಿಮೀಟರ್ ಮುಂದಿತ್ತು. ಅದು ಇದ್ದಲ್ಲೇ ಇರಬೇಕಿತ್ತು.

"ಒಂದೂವರೆ," ಎಂದ ಸೌಭಾಗ್ಯಳಿಗೆ. ಮೂರರಲ್ಲಿ ದೊಡ್ಡದನ್ನೇ, ದವಡೆ ಕಡಿಮೆ ಸರಿದಂತೆ ತೋರಿಸುವುದನ್ನೇ ಹೇಳಿದ್ದು ಅವಳು ಬರೆದು ಮುಗಿಸಿದ ಮೇಲೆ ಅವನ ಅರಿವಿಗೆ ಬಂತು.

ಫರ್ಹೀನ್ ಬಾಯಿ ಮುಕ್ಕಳಿಸಿ ಎದ್ದು ಕೂತಳು. ಶಹಾಪುರದ ಖಾಸಗಿ ಶಾಲೆಯೊಂದರಲ್ಲಿ ಮೂರನೆಯ ಇಯತ್ತೆಗೆ ಕನ್ನಡ ಕಲಿಸುವವಳು. ಮಾತು ಯಾವಾಗಲೂ ಬಿಡಿಬಿಡಿಯಾಗಿ, ಪಾಠ ಒಪ್ಪಿಸುವಂತೆ. "ಸರ್, ಮತ್ತ ಮುಂದ ಬಂದದ ಅನಸ್ತದ ನನಗ. ಎಡಗಡಿ ಹಲ್ಲು ಕೂಡವಲ್ವು. ಸಾಲ್ಯಾಗ ಮಕ್ಕಳು..." ಎಂದು ನಿಲ್ಲಿಸಿದಳು.

ಮೂಲೆಯಲ್ಲಿ ಬುರ್ಖಾದ ಮುಸುಕು ಮೇಲೆತ್ತಿ ನಿಂತಿದ್ದ ಅವಳ ತಾಯಿ ಕುಬ್ರಾಬೇಗಂ, "ಆಕಿಗೆ ಶಕ್ ಹತ್ತ್ಯದರಿ ಡಾಕ್ಟರ್ ಸಾಬ. ಕನ್ನಡಿ ಮುಂದ ಕುಂತು ಕುಂತು ಶಕ್ ಹತ್ತ್ಯದ. ಏನಿಲ್ಲಂತ ನೀವೇ ಹೇಳಿಬಿಡ್ರಿ," ಎಂದಳು.

"ಅಂಥಾದ್ದೇನಿಲ್ಲರಿ ಅಮ್ಮಾ. ಸ್ವಲ್ಪ ಸರೀತದ. ಎಲ್ಲಾರಿಗೂ ಸರೀತದ. ಮೂರು ತಿಂಗಳು ಬಿಟ್ಟು ಬರ್ರಿ."

"ಸರೀತದ ಅಂದ್ರ ಎಲ್ಲಿ ತನಕ ಸರೀತದ್ರಿ ಸರ್?" ಫರ್ಹೀನ್ ಕೇಳಿದಳು. ಅವನು ಕೇಳದವನಂತೆ ಮುಂದಿನ ಹೆಸರು ಕೂಗಿದ. ವಡಗೇರಾದ ಮುದುಕನೊಬ್ಬ, ಬುದ್ಧಿಹಲ್ಲು ಬಾತು ಕೆನ್ನೆಗೆ ಟವೆಲು ಸುತ್ತಿಕೊಂಡವನು, ಅವಳು ಇಳಿಯುವುದಕ್ಕೂ ಮೊದಲೇ ಕುರ್ಚಿಯ ಕೈ ಹಿಡಿದು ನಿಂತಿದ್ದ. ಮಗಳು ತಾಯಿ ಹೊರಗೆ ಹೋದರು. ಹೋಗುವಾಗ ಕುಬ್ರಾಬೇಗಂ ಎರಡೂ ಕೈ ಎತ್ತಿ ಸಲಾಮು ಮಾಡಿ, ದುವಾ ಕೊಟ್ಟಳು. ಅವನು ತಲೆಯಾಡಿಸಿದ.

ಮಧ್ಯಾಹ್ನ ಒಂದೂವರೆಗೆ ರೋಗಿಗಳು ಮುಗಿದಾಗ ಸೌಭಾಗ್ಯ ಫೈಲುಗಳನ್ನು ಒಟ್ಟುತ್ತಿದ್ದಳು. ಅವನು ಫರ್ಹೀನಳದನ್ನು ಹೊರಗೆಳೆದ. ಆಪರೇಶನ್ನಿನ ಆರು ವಾರದ ನಂತರದ ಪುಟದಲ್ಲಿ ಅವನದೇ ಅಕ್ಷರದಲ್ಲಿ 'ಸ್ಥಿರವಾಗಿದೆ' ಎಂದಿತ್ತು, ಅಷ್ಟೇ. ಸಂಖ್ಯೆ ಇರಲಿಲ್ಲ. ಆ ವಾರ ಎಕ್ಸರೇ ಯಂತ್ರ ಕೆಟ್ಟಿತ್ತು. ಸ್ಕೇಲೂ ಹಿಡಿಯದೆ ಕಣ್ಣಿನಿಂದ ನೋಡಿ ಬರೆದಿದ್ದ. ಆರು ತಿಂಗಳ ಪುಟದಲ್ಲಿ ಎರಡು ಎಂದಿತ್ತು. ಆ ಎರಡು ನಿಜವಾಗಿ ಎರಡೇ ಇತ್ತೇ, ಅಥವಾ ಇವತ್ತಿನ ಹಾಗೆ ಮೂರರಲ್ಲಿ ದೊಡ್ಡದೇ? ಮೊದಲ ಆರು ವಾರದಲ್ಲಿ ದವಡೆ ಸರಿದರೆ ಬಿಗಿದದ್ದು ಸಡಿಲವಾಗಿದೆ ಎಂದು ಅರ್ಥ, ಆಮೇಲೆ ಸರಿದರೆ ಸ್ನಾಯುಗಳು ತಮ್ಮ ಹಳೇ ಅಭ್ಯಾಸಕ್ಕೆ ಎಳೆಯುತ್ತಿವೆ ಎಂದು ಅರ್ಥ — ಹೀಗೆ ಅವನು ಎಷ್ಟೋ ಜನಕ್ಕೆ ವಿವರಿಸಿದ್ದಾನೆ, ಒಂದು ಕೈಯ ಮುಷ್ಟಿಯನ್ನು ಇನ್ನೊಂದು ಅಂಗೈಯಲ್ಲಿ ಸರಿಸಿ ತೋರಿಸುತ್ತ. ಯಾವಾಗ ಸರಿಯಿತು ಎಂಬುದನ್ನು ಹೇಳಬೇಕಾದ ಪುಟದಲ್ಲಿ ಮಾತ್ರ ಆ ಒಂದೇ ಶಬ್ದ ಕೂತಿತ್ತು. "ಊಟಕ್ಕ ಹೋಗಂಗಿಲ್ಲೇನ್ರಿ ಸರ್?" ಎಂದು ಸೌಭಾಗ್ಯ ಕೇಳಿದಳು. ಊರಿಗೆ ಹೋಗಬೇಕಾಗಿದೆ ಎಂದ. ಹೇಳಿದ ಮೇಲೆ ಅದು ನಿಜವಾಯಿತು. ಕಾರಿನ ಕೀಲಿ ತೆಗೆದುಕೊಂಡು ಹೊರಟ.

ಭೀಮೆಯ ಸೇತುವೆ ದಾಟುವಾಗ ನೀರು ಮರಳಿನ ನಡುವೆ ಎರಡು ಮೂರು ಸೀಳಾಗಿ ಹರಿಯುತ್ತಿತ್ತು. ಅವನು ಸುರಪುರದವನು, ತಂದೆ ಮರಿಲಿಂಗಪ್ಪ ಅಲ್ಲಿಯೇ ಮಾಸ್ತರಾಗಿದ್ದವರು. ಆದರೆ ಈಗ ಹೊರಟಿದ್ದು ಮನೆಗಲ್ಲ. ರಂಗಂಪೇಟೆಯ ಸರದಾರಸಾಬನ ಕುರಿಮಾಂಸದ ಅಂಗಡಿಗೆ. ಹನ್ನೆರಡು ವರ್ಷದ ಹಿಂದೆ ಅದೇ ಅಂಗಡಿಯ ಮುಂದೆ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹುಡುಗ, ಗುರುತಿನವರು ಯಾರಾದರೂ ನೋಡಿಯಾರೆಂದು ಕೆರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತ ನಿಂತಿದ್ದ. ದಂತವೈದ್ಯಕೀಯದ ಹಿರಿಯ ಪದವಿಗೆ ಪ್ರಬಂಧ ಬರೆಯಬೇಕಿತ್ತು. ಸೀಳಿದ ಕೆಳದವಡೆಯನ್ನು ಮೂರು ಉದ್ದ ಸ್ಕ್ರೂಗಳಿಂದ ಬಿಗಿದರೆ ಗಟ್ಟಿಯೋ, ಒಂದು ಪ್ಲೇಟಿನಿಂದ ಬಿಗಿದರೆ ಗಟ್ಟಿಯೋ — ಇದು ಅವನ ವಿಷಯ. ಮನುಷ್ಯರ ದವಡೆ ಸಿಗುವುದಿಲ್ಲ, ಕುರಿಯದು ಸಿಗುತ್ತದೆ. ಸ್ಕ್ರೂಗೆ ಹತ್ತು, ಪ್ಲೇಟಿಗೆ ಹತ್ತು, ಎಲ್ಲ ಒಂದೇ ವಯಸ್ಸಿನ ಕುರಿಗಳದು ಬೇಕೆಂದು ಸರದಾರಸಾಬನಿಗೆ ಹೇಳಿದ್ದ. ಇಪ್ಪತ್ತನ್ನೂ ಐಸಿನ ಡಬ್ಬಿಯಲ್ಲಿ ತುಂಬಿ ಬಸ್ಸಿನಲ್ಲಿ ಕಾಲ ಬುಡದಲ್ಲಿ ಇಟ್ಟುಕೊಂಡು ಒಯ್ದಿದ್ದ. ಹೋಗುವ ಮೊದಲು ಒಂದು ರಾತ್ರಿ ಡಬ್ಬಿ ಹಿತ್ತಿಲಲ್ಲಿತ್ತು. ಅವ್ವ ಏನೂ ಕೇಳಲಿಲ್ಲ, ಬೆಳಿಗ್ಗೆ ಆ ಜಾಗಕ್ಕೆ ಸಗಣಿ ಸಾರಿಸಿದ್ದಳು. ಹಿಂದಿನ ಕಾರು ಹಾರ್ನು ಹೊಡೆಯಿತು. ದೋರನಹಳ್ಳಿ ಬಂದದ್ದು, ತಾನು ರಸ್ತೆಯ ನಡುವೆ ಇರುವುದು ಆಗ ಕಂಡಿತು.

ದವಡೆಗಳ ಮೇಲೆ ಭಾರ ಹಾಕಿ ನೋಡುವ ಯಂತ್ರ ಇದ್ದದ್ದು ಅವನು ಓದುತ್ತಿದ್ದ ಕಾಲೇಜಿನ ಪಕ್ಕದ ಎಂಜಿನಿಯರಿಂಗ್ ಕಾಲೇಜಿನಲ್ಲಿ. ದವಡೆಯ ಹಿಂಭಾಗವನ್ನು ಅಚ್ಚಿನಲ್ಲಿ ಕಚ್ಚಿಸಿ ನಿಲ್ಲಿಸಬೇಕು. ಮೇಲಿಂದ ಉಕ್ಕಿನ ಸರಳು ನಿಧಾನ ಇಳಿದು ಹಲ್ಲಿನ ಮೇಲೆ ಒತ್ತುತ್ತದೆ, ಮನುಷ್ಯ ಅಗಿಯುವಾಗ ಬೀಳುವ ಭಾರದ ಹಾಗೆ. ಸೀಳಿದ ಜಾಗ ಮೂರು ಮಿಲಿಮೀಟರ್ ಬಿಟ್ಟುಕೊಂಡಾಗ ಎಷ್ಟು ಭಾರವಿತ್ತೆಂದು ಬರೆದುಕೊಳ್ಳಬೇಕು. ಸ್ಕ್ರೂಗಳು ಎಪ್ಪತ್ತು ನ್ಯೂಟನ್ನಿನ ಆಚೀಚೆ ಬಂದವು. ಪ್ಲೇಟಿನವು ಅರವತ್ತೈದು, ಅರವತ್ತೆಂಟು, ಅರವತ್ಮೂರು. ಪ್ಲೇಟಿನ ಏಳನೆಯದು ಮೂವತ್ತೊಂದಕ್ಕೇ ಬಿಟ್ಟುಕೊಟ್ಟಿತು. ಶಬ್ದ ಸಹ ದೊಡ್ಡದಾಗಲಿಲ್ಲ, ಒಣಗಿದ ಕಡ್ಡಿ ಮುರಿದ ಹಾಗೆ ಟಕ್ ಎಂದಿತು. ಅವನ ಪ್ರಬಂಧದ ಗೈಡು ತಮ್ಮ ಕನ್ನಡಕದ ಮೇಲಿಂದ ಒಮ್ಮೆ ನೋಡಿ, "ಮೂಳೆ ಕೆಟ್ಟಿರಬೇಕು. ಅದನ್ನ ಬಿಟ್ಟುಬಿಡು, ಇನ್ನೊಂದು ತಂದು ಹಾಕು," ಎಂದರು. ಅವರು ಕೆಟ್ಟವರೇನಲ್ಲ, ಅವರ ಧ್ವನಿಯಲ್ಲಿ ಅನುಮಾನವೂ ಇರಲಿಲ್ಲ. ಅವನು ಮತ್ತೆ ಸುರಪುರಕ್ಕೆ ಬಂದು ಇನ್ನೊಂದು ಒಯ್ದ. ಅದು ಅರವತ್ತಾರು ಬಂತು. ಹತ್ತು ಹತ್ತಾಗೇ ಉಳಿದವು. ಎರಡೂ ಪದ್ಧತಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ಪ್ರಬಂಧದ ಕೊನೆಯ ಪುಟದಲ್ಲಿ ಬರೆದ. ಬರೆದದ್ದನ್ನು ನಂಬಿದ ಕೂಡ. ಉದ್ದ ಸ್ಕ್ರೂ ಹಾಕಬೇಕೆಂದರೆ ಕೆನ್ನೆಗೆ ಹೊರಗಿಂದ ಒಂದು ಸಣ್ಣ ಗಾಯ ಮಾಡಬೇಕು. ಪ್ಲೇಟಾದರೆ ಬಾಯಿಯ ಒಳಗಿಂದಲೇ ಕೂಡಿಸಬಹುದು. "ಕೆನ್ನಿ ಮ್ಯಾಲ ಕಲಿ ಬರಂಗಿಲ್ಲ ಹೌದಿಲ್ರಿ?" ಎಂದು ಆಪರೇಶನ್ನಿಗೆ ಮುಂಚೆ ಕುಬ್ರಾಬೇಗಂ ನಾಲ್ಕು ಸಲ ಕೇಳಿದ್ದಳು. ನಾಲ್ಕು ಸಲವೂ ಅವನು ಧೈರ್ಯದಿಂದ ಇಲ್ಲ ಎಂದಿದ್ದ. ಫರ್ಹೀನಳ ಹಾಗೆ ಇನ್ನೂ ಹತ್ತು ಜನ ಇದ್ದಾರೆ, ಎಲ್ಲರಿಗೂ ಪ್ಲೇಟೇ. ಅವರಲ್ಲಿ ಆರು ಜನ ಚೆನ್ನಾಗಿದ್ದಾರೆ. ನಾಲ್ಕು ಜನ ಮತ್ತೆ ಬರಲಿಲ್ಲ. ಬರದೆ ಇರುವುದು ಚೆನ್ನಾಗಿರುವುದರ ಗುರುತೆಂದೇ ಇಷ್ಟು ದಿನ ಅಂದುಕೊಂಡಿದ್ದ.

ಶಹಾಪುರ ಹತ್ತಿರವಾದಂತೆ ಬಲಗಡೆ ಬೆಟ್ಟದ ಸಾಲು ಕಂಡಿತು. ಜನ ಅದನ್ನು ಮಲಗಿದ ಬುದ್ಧ ಎನ್ನುತ್ತಾರೆ. ಹಣೆ, ಮೂಗು, ತುಟಿ, ಗದ್ದ, ಆಮೇಲೆ ಎದೆ. ಪ್ರತಿ ಸಲ ಇಲ್ಲಿ ಹಾದುಹೋಗುವಾಗ ಅವನ ಕಣ್ಣು ಅಭ್ಯಾಸದಿಂದ ಆ ಗದ್ದವನ್ನು ಅಳೆಯುತ್ತಿತ್ತು: ಸರಿಯಾಗಿದೆ, ಹಿಂದೆ ಮುಂದೆ ಆಗಬೇಕಾದ್ದಿಲ್ಲ. ಇವತ್ತು ನೋಡುತ್ತಿದ್ದ ಹಾಗೆ ರಸ್ತೆ ತಿರುಗಿತು, ಗದ್ದ ತುಟಿಯಿಂದ ಬೇರೆಯಾಗಿ ಬರೇ ಒಂದು ಬಂಡೆಯಾಯಿತು. ಅದನ್ನೂ ಅವನು ಎಷ್ಟೋ ಸಲ ನೋಡಿರಬೇಕು. ಊರೊಳಗೆ ಹೋಗದೆ ಸುರಪುರದ ರಸ್ತೆ ಹಿಡಿದ. ಹತ್ತಿಗೂಡೂರಿನ ಆಚೆ ಕಾಲುವೆಯ ನೀರು ಉಂಡ ಹೊಲಗಳಲ್ಲಿ ಮೆಣಸಿನಕಾಯಿ ಕೆಂಪಗೆ ಹರವಿತ್ತು. ಏನು ಕೇಳಬೇಕು ಸರದಾರಸಾಬನನ್ನು? ಹನ್ನೆರಡು ವರ್ಷದ ಹಿಂದೆ ಕಡಿದ ಕುರಿಯ ಬಗ್ಗೆ? ಕೇಳಿದರೆ ನಕ್ಕಾನು. ನಗಲಿ. ಅದರ ಮೂಳೆ ಕೆಟ್ಟಿತ್ತು ಎಂದರೆ ಸಾಕು. ಅಷ್ಟು ಅಂದುಬಿಟ್ಟರೆ ಗೈಡು ಹೇಳಿದ್ದು ನಿಜ, ತಾನು ಬರೆದದ್ದು ನಿಜ, ಫರ್ಹೀನಳ ದವಡೆ ತನ್ನಷ್ಟಕ್ಕೆ ತಾನೇ ಸರಿದದ್ದು. ಆ ಹುಡುಗಿಗೆ ಅದರಿಂದ ಆಗುವುದೇನು ಎಂಬುದು ಆಗ ಅವನ ತಲೆಗೆ ಬರಲೇ ಇಲ್ಲ.

ಅಂಗಡಿ ಹಳೆಯ ಜಾಗದಲ್ಲೇ ಇತ್ತು, ಮುಂದೆ ಗಾಜು ಹಾಕಿಸಿದ್ದರು. ಕತ್ತಿ ಹಿಡಿದು ನಿಂತಿದ್ದವನು ಸರದಾರಸಾಬನ ಮಗ ಗಯಾಸ. ಮುದುಕ ಹೊರಗೆ ನೆರಳಲ್ಲಿ ಹೊರಸಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಗಡ್ಡಕ್ಕೆ ಮೆಹಂದಿ ಹಚ್ಚಿ ಬಹಳ ದಿನವಾಗಿ ಬುಡ ಬೆಳ್ಳಗಾಗಿತ್ತು. ಬಸವಕುಮಾರ ಹೆಸರು ಹೇಳುವ ಮೊದಲೇ, "ಮರಿಲಿಂಗಪ್ಪ ಮಾಸ್ತರ್ ಮಗ ಅಲ್ಲೇನು?" ಎಂದ. "ಬಾ, ಕುಂಡ್ರು. ನಿಮ್ಮಪ್ಪ ನಮ್ಮ ಗಯಾಸಗ ಮಗ್ಗಿ ಕಲಿಸಿದವ. ಹದಿಮೂರರ ಮಗ್ಗಿ ಬರಲಿಲ್ಲಂತ ಒಂದು ದಿನ ಹೊರಗ ನಿಲ್ಲಿಸಿದ್ದ."

ಕೂತ. ಕುಶಲ ಕೇಳಿದ. ಗಯಾಸ ಒಳಗಿಂದ ಚಹ ತರಿಸಿದ. ಆಮೇಲೆ ಬಸವಕುಮಾರ ವಿಷಯ ಎತ್ತಿದ. "ಚಾಚಾ, ನಾ ಓದುವಾಗ ನಿಮ್ಮ ಕಡಿಂದ ಕುರಿ ದವಡಿ ಒಯ್ದಿದ್ದೆ, ಇಪ್ಪತ್ತು. ನೆನಪದ ಏನ್ರಿ?"

"ನೆನಪಿಲ್ಲೇನು? ಊರಾಗ ಯಾರೂ ಹಂಗ ಕೇಳಿಲ್ಲ. ತಲಿ ಕೇಳ್ತಾರ, ಕಾಲು ಕೇಳ್ತಾರ. ನೀ ಬರೇ ದವಡಿ ಕೇಳಿದಿ. ಎಲ್ಲಾ ನಾಕು ಹಲ್ಲಿನ ಕುರೀದೇ, ಒಂದೇ ವಯಸ್ಸಿಂದೇ ಬೇಕು ಅಂದಿ."

"ಎಲ್ಲಾ ನಾಕು ಹಲ್ಲಿನವೇ ಇದ್ದೂವೇನ್ರಿ?"

ಮುದುಕ ಚಹದ ಬಟ್ಟಲನ್ನು ಕೆಳಗಿಟ್ಟ. "ಹತ್ತೊಂಬತ್ತು ಇದ್ವು," ಎಂದ. "ಒಂದು ಕಮ್ಮಿ ಬಿತ್ತು. ನಿನ್ನ ಬಸ್ಸಿಗೆ ಹೊತ್ತಾಗಿತ್ತು. ಬಾಯಿಗೂಡಿದ್ದೊಂದು ಇತ್ತು, ಮುದಿ ಕುರಿ, ಅದನ್ನ ಹಾಕಿ ಕೊಟ್ಟೆ."

ಬಾಯಿಗೂಡಿದ್ದು. ಎಂಟೂ ಹಲ್ಲು ಬಂದ ಮುದಿ ಕುರಿ. ಮೂಳೆ ಕೆಟ್ಟಿತ್ತು. ಹನ್ನೆರಡು ವರ್ಷ ಹೊತ್ತದ್ದು ಇಷ್ಟು ಸುಲಭವಾಗಿ ಇಳಿದದ್ದಕ್ಕೆ ಬಸವಕುಮಾರ ನಕ್ಕೂ ಬಿಟ್ಟ. "ಹೇಳಬೇಕಿತ್ತಲ್ರಿ ಚಾಚಾ."

"ನಾ ಏನು ಹೇಳೂದು?" ಸರದಾರಸಾಬ ಅವನ ಕಡೆ ತಿರುಗಿದ. ಬೈಯುವ ಧ್ವನಿಯಲ್ಲ, ನಿಜವಾಗಿಯೂ ಅರ್ಥವಾಗದವನ ಧ್ವನಿ. "ನೀ ಹಲ್ಲಿನ ಡಾಕ್ಟರ್ ಅಲ್ಲೇನು? ಬಾಯಿ ತಗದು ನೋಡಿದ್ರ ತಿಳೀತಿತ್ತು. ನಮ್ಮ ಗಯಾಸಗ ಏಳು ವರ್ಷದಾಗ ತಿಳೀತಿತ್ತು."

ಗಾಜಿನ ಹಿಂದೆ ಗಯಾಸ ನಕ್ಕ. ಗಿರಾಕಿಯೊಬ್ಬರು, ಕೆಂಭಾವಿ ಕಡೆಯವರಿರಬೇಕು, ಅವರೂ ನಕ್ಕರು. ಬಸವಕುಮಾರ ನೆನಪಿಸಿಕೊಳ್ಳಲು ನೋಡಿದ. ನೋಡಿದ್ದೆನೇ? ಇಪ್ಪತ್ತು ದವಡೆಗಳನ್ನು ಕುದಿಸದೆ ಕೆತ್ತಿ, ತೊಳೆದು, ಗರಗಸದಿಂದ ಸೀಳಿ, ಪ್ರತಿಯೊಂದಕ್ಕೂ ಅಂಕಿ ಬರೆದಿದ್ದ. ಅಂಕಿ ಬರೆದ ನೀಲಿ ಪೆನ್ನು ನೆನಪಿದೆ. ಹಲ್ಲು ನೆನಪಿಲ್ಲ. ಎಣಿಸಿದ್ದರೆ ನೆನಪಿರುತ್ತಿತ್ತು. ಮತ್ತೆ, ಆ ಮುದಿ ಕುರಿಯದೇ ಏಳನೆಯದು ಎನ್ನುವುದಕ್ಕೆ ಏನಾಧಾರ? ಅದು ಸ್ಕ್ರೂಗಳ ಗುಂಪಿನಲ್ಲಿ ಎಪ್ಪತ್ತರ ಭಾರ ಹೊತ್ತು ನಿಂತಿರಬಹುದು. ಮುದಿ ಮೂಳೆ ಎಳೆಯದಕ್ಕಿಂತ ಗಟ್ಟಿ ಇರುವುದೂ ಉಂಟು. ಎದ್ದು ನಿಂತಾಗ ಗಯಾಸ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಕಾರಿನ ತನಕ ನಡೆದ. "ಅಬ್ಬಾನ ಮಾತು ಹಿಡೀಬ್ಯಾಡ್ರಿ ಡಾಕ್ಟರ್ ಸಾಬ," ಎಂದ ಮೆಲ್ಲಗೆ. "ಈಗೀಗ ಒಂದರಾಗ ಒಂದು ಕಲಸ್ತಾರ. ನಿನ್ನಿ ನನ್ನ ಹಿಡಕೊಂಡು ನಮ್ಮ ಕಾಕಾನ ಹೆಸರಿಲೆ ಕರದಾರ. ಬಾಯಿಗೂಡಿದ್ದು ಕೊಟ್ಟಿದ್ದು ಒಂದು ನಿಕಾ ಮನಿಗೆ, ಅದಕ್ಕ ಜಗಳ ಆಗಿತ್ತು. ನಿಮಗ ಕೊಟ್ಟಿದ್ದು ಎಲ್ಲಾ ಚೊಲೋವೇ ಇರಬೇಕು." ಸಮಾಧಾನ ಹೇಳುವವನ ಹಾಗೆ ಹೇಳಿದ.

ಬಸವಕುಮಾರ ಮನೆಗೆ ಹೋಗದೆ ಕಾರು ತಿರುಗಿಸಿದ. ಅವ್ವ ಓಣಿಯಾಚೆಯೇ ಇದ್ದಳು, ತಿಳಿದರೆ ನೊಂದುಕೊಂಡಾಳು. ಒಂದು ಮಾತು ಕೇಳಲು ಹೋಗಿ ಈಗ ಮುದುಕನದು, ಮಗನದು, ತನ್ನ ಅನುಮಾನದ್ದು ಎಂದು ಮೂರು ಮಾತು ತರುತ್ತಿದ್ದ, ಮೂರೂ ಒಂದಕ್ಕೊಂದು ಕೂಡುತ್ತಿರಲಿಲ್ಲ. ಕೆಟ್ಟ ಮೂಳೆಯನ್ನು ಬಿಟ್ಟಿದ್ದರೆ ತಪ್ಪಿಲ್ಲ, ಆದರೆ ಕೆಟ್ಟದ್ದೆಂದು ಗೊತ್ತಿಲ್ಲದೆ ಬಿಟ್ಟಿದ್ದ. ಒಳ್ಳೆಯ ಮೂಳೆಯನ್ನು ಬಿಟ್ಟಿದ್ದರೆ ತಪ್ಪು, ಆದರೆ ಒಂದು ಕುರಿಯ ಮೂವತ್ತೊಂದರಿಂದ ಹೆಣ್ಣುಮಗಳೊಬ್ಬಳ ದವಡೆಯ ಬಗ್ಗೆ ಏನೂ ಹೇಳಲು ಬರುವುದಿಲ್ಲ. ಹೀಗೆ ಎರಡೂ ಕಡೆಯಿಂದ ತನ್ನನ್ನು ಬಿಡಿಸಿಕೊಳ್ಳುತ್ತ, ಮತ್ತೆ ಎರಡೂ ಕಡೆಯಿಂದ ಸಿಕ್ಕಿಸಿಕೊಳ್ಳುತ್ತ ಹತ್ತಿಗೂಡೂರು ದಾಟಿದ. ಬೆಳಿಗ್ಗೆ ಅವಳು ಕೇಳಿದ್ದಳು: ಎಲ್ಲಿ ತನಕ ಸರೀತದ್ರಿ? ಆ ಪ್ರಶ್ನೆ ಒಂದೇ ನೇರವಾಗಿತ್ತು. ರಸ್ತೆಬದಿಗೆ ನಿಲ್ಲಿಸಿ ಫರ್ಹೀನಳಿಗೆ ಫೋನು ಮಾಡಿದ. "ನಾ ಶಹಾಪುರದ ಹತ್ರ ಅದೀನ್ರಿ. ಐದು ನಿಮಿಷ ನಿಮ್ಮ ಮನೀಗೆ ಬರಲೇನ್ರಿ?" ಫರ್ಹೀನ್ ಬರಬೇಕಾದ ಓಣಿ, ತಿರುವು, ಬಾಗಿಲಿನ ಹಸಿರು ಬಣ್ಣ ಹೇಳಿದಳು.

ಹಸಿರು ಬಾಗಿಲಿನಲ್ಲಿ ಕುಬ್ರಾಬೇಗಂ ನಿಂತಿದ್ದಳು. ಅವನು ಚಪ್ಪಲಿ ಬಿಡುವ ಮೊದಲೇ, "ಕ್ಯಾನ್ಸರ್ ಏನ್ರಿ?" ಎಂದು ಕೇಳಿದಳು. "ಡಾಕ್ಟರ್ ಮನೀ ತನಕ ಬಂದಾರ ಅಂದ್ರ ಏನೋ ಅದ. ಖರೇ ಹೇಳ್ರಿ."

"ಇಲ್ಲರಿ ಅಮ್ಮಾ. ಹಂಗೇನಿಲ್ಲ. ಬೆಳಿಗ್ಗೆ ನಾ ಖರೇ ಹೇಳಲಿಲ್ಲ, ಅದನ್ನ ಹೇಳಾಕ ಬಂದೀನಿ."

ಒಳಗೆ ನೆಲಕ್ಕೆ ಜಮಖಾನೆ ಹಾಸಿತ್ತು. ಗೋಡೆಗೆ ಒರಗಿ ಮಕ್ಕಳ ಕಾಪಿ ಪುಸ್ತಕಗಳ ಅಟ್ಟಿ. ಫರ್ಹೀನ್ ಕೆಂಪು ಪೆನ್ನನ್ನು ಮುಚ್ಚಿ ಎದುರಿಗೆ ಕೂತಳು. ಅವನು ಹೇಳಿದ. ಬೆಳಿಗ್ಗೆ ಮೂರು ಸಲ ಅಳೆದದ್ದು, ಮೂರು ಬೇರೆ ಬೇರೆ ಬಂದದ್ದು, ದೊಡ್ಡದನ್ನು ಬರೆಸಿದ್ದು. ಮೂರರಲ್ಲಿ ಯಾವುದು ನಿಜವಾದರೂ ದವಡೆ ಮುಂದೆ ಬಂದಿದೆ ಎನ್ನುವುದು ನಿಜ. ಆರು ವಾರದ ಪುಟದಲ್ಲಿ ಅಳೆಯದೆ ಬರೆದದ್ದು. ಆಮೇಲೆ ಕುರಿಯದೂ ಹೇಳಿದ. ಹೇಳುತ್ತ ಹೋದಂತೆ ಮಾತು ಉದ್ದವಾಯಿತು. ಬಸ್ಸು, ಐಸಿನ ಡಬ್ಬಿ, ಗೈಡಿನ ಕನ್ನಡಕ, ಮೂವತ್ತೊಂದು, ಇವತ್ತಿನ ಸುರಪುರ, ಮುದುಕ ಹೇಳಿದ್ದು, ಮಗ ಹೇಳಿದ್ದು. ಒಂದನ್ನೂ ಬಿಡಬಾರದೆಂದು ಹಟ ಹಿಡಿದವನಂತೆ ಹೇಳಿದ. ಫರ್ಹೀನ್ ಮನೆಕೆಲಸ ಮಾಡದೆ ಬಂದ ಹುಡುಗನ ಕಾರಣ ಕೇಳುವವಳ ಹಾಗೆ, ನಡುವೆ ಬಾಯಿ ಹಾಕದೆ ಕೇಳಿದಳು.

"ಅದು ಮುದಿ ಕುರೀದೇ ಏನ್ರಿ ಸರ್, ಏಳನೇದು?"

"ಗೊತ್ತಿಲ್ಲ."

"ಸ್ಕ್ರೂ ಹಾಕಿದ್ರ ನಂದು ಸರೀತಿದ್ದಿಲ್ಲೇನ್ರಿ?"

"ಅದೂ ಗೊತ್ತಿಲ್ಲ."

"ಹಂಗಾದ್ರ ಈಗ ನನಗ ಯಾಕ ಹೇಳಿದ್ರಿ?"

ಅವನು ಜಮಖಾನೆಯ ನೂಲು ಕಿತ್ತುಕೊಂಡಿದ್ದ ಕಡೆ ಬೆರಳಾಡಿಸಿದ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ಕೂತಿದ್ದ ಕುಬ್ರಾಬೇಗಂ ಅಳುವುದಕ್ಕೆ ಶುರುಮಾಡಿದಳು. ಸದ್ದಿಲ್ಲದ ಅಳು, ಸೆರಗಿನಲ್ಲಿ ಮೂಗು ಒರೆಸಿದಾಗಲೇ ತಿಳಿದದ್ದು. "ತಪ್ಪು ನಂದೇ ರಿ," ಎಂದಳು. "ಕುರೀದಲ್ಲ, ನಿಮ್ದಲ್ಲ. ನೀವು ಆರು ವಾರ ಬರೇ ಗಂಜಿ ಅಂದಿದ್ರಿ. ಮೂರನೇ ವಾರಕ್ಕ ಆಕಿ ಕೈ ಇಷ್ಟ ಆಗಿದ್ವು ನೋಡ್ರಿ, ಕಡ್ಡಿ. ನನಗ ತಡಕೊಳ್ಳಾಕ ಆಗಲಿಲ್ಲ. ರೊಟ್ಟಿ ಸಾರಿನ್ಯಾಗ ನೆನಸಿ ತಿನ್ನಿಸಿದೆ. ಮರುದಿನ ನೆನಸಲಿಲ್ಲ, ಹಂಗೇ ಕೊಟ್ಟೆ. ಯಾರಿಗೂ ಹೇಳಬ್ಯಾಡ ಅಂತ ನಾನೇ ಅಂದೆ ಆಕಿಗೆ."

"ಅಮ್ಮಿ, ಸುಮ್ಮನಿರು," ಎಂದಳು ಫರ್ಹೀನ್. ಆಮೇಲೆ ಯಾರ ಮುಖವನ್ನೂ ನೋಡದೆ, ಬೇಗ ಬೇಗ, ಮೊದಲ ಸಲ ಅವಳ ಶಬ್ದಗಳು ಒಂದರ ಮೇಲೊಂದು ಬಿದ್ದವು. "ರಬ್ಬರ್ ಬ್ಯಾಂಡ್ ಹಲ್ಲಿಗೆ ಹಾಕ್ಕೊಂಡೇ ಇರಬೇಕಂದಿದ್ರಿ. ಸಾಲಿಗೆ ಇನ್ಸ್‌ಪೆಕ್ಷನ್ ಇತ್ತು. ಹಾಕ್ಕೊಂಡ್ರ ಬಾಯಿ ಬಿಡಾಕ ಬರಂಗಿಲ್ಲ. ಬಿಚ್ಚಿದೆ. ಒಂದು ದಿನ ಅಂತ ಬಿಚ್ಚಿದೆ, ಹಗೂರ ಅನಸ್ತು, ನಾಕು ದಿನ ಹಾಕ್ಕೊಳ್ಳಲಿಲ್ಲ. ನೀವು ಕೇಳಿದಾಗ ದಿನಾ ಹಾಕ್ಕೊಂಡೀನಿ ಅಂದೆ."

ಪ್ಲೇಟು, ರೊಟ್ಟಿ, ರಬ್ಬರು, ಅಳತೆ. ಬಸವಕುಮಾರ ಒಂದೊಂದನ್ನೂ ತೂಗಿ ನೋಡಿದ. ಮೂರನೆಯ ವಾರದ ರೊಟ್ಟಿ ಎಂದರೆ ಪ್ಲೇಟು ಸಡಿಲಾಗಬಹುದಾದ ಕಾಲ, ನಾಲ್ಕು ದಿನದ ರಬ್ಬರು ಎಂದರೆ ಅಷ್ಟೇನೂ ಅಲ್ಲ, ಆದರೆ ಯಾವ ನಾಲ್ಕು ದಿನ? ಕೇಳಬೇಕೆನಿಸಿತು. ಕೇಳಿದರೆ ಹೊರೆ ಅವರ ಮೇಲೆ ಜಾರುತ್ತದೆ. ಜಾರಲಿ ಎಂದು ಒಳಗೊಂದು ಧ್ವನಿ ಸ್ಪಷ್ಟವಾಗಿ ಹೇಳಿತು, ಅದರ ಸ್ಪಷ್ಟತೆಗೇ ಅವನು ಹೆದರಿದ. "ಇದರಾಗ ಯಾವುದಾದ್ರೂ ಕಾರಣ ಇರಬಹುದು, ಯಾವುದೂ ಅಲ್ಲದೇನೂ ಇರಬಹುದ್ರಿ ಅಮ್ಮಾ," ಎಂದ. "ಅಳಬ್ಯಾಡ್ರಿ."

ಕುಬ್ರಾಬೇಗಂ ಕಣ್ಣು ಒರೆಸಿಕೊಂಡು ಎದ್ದು ಒಳಗೆ ಹೋದಳು. ಊಟವಾಗಿದೆಯೇ ಎಂದು ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಮೂರು ತಾಟು ಬಂದವು. ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ತುಂಡು ಉಳ್ಳಾಗಡ್ಡಿ. "ಪಲ್ಯದಾಗ ಏನೂ ಇಲ್ರಿ, ಪಾತ್ರಿನೂ ಬ್ಯಾರೇ," ಎಂದಳು ಅವನ ಕಡೆ ನೋಡಿ. ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಪುಂಡಿಪಲ್ಯದ ಹುಳಿ ಮೂಗಿಗೆ ಬಂದಾಗ ನೆನಪಾಯಿತು. ಫರ್ಹೀನ್ ತಾಟು ಎತ್ತಿಕೊಂಡು ಅಡುಗೆಮನೆಗೆ ಹೋಗಲು ಎದ್ದಳು. ಯಾವಾಗಲೂ ಅಲ್ಲಿಯೇ ಉಣ್ಣುತ್ತಾಳೆಂದು ತಾಯಿ ಸರಿದುಕೊಂಡ ರೀತಿಯಿಂದಲೇ ತಿಳಿಯಿತು. ಬಾಗಿಲ ತನಕ ಹೋದವಳು ಏನನ್ನಿಸಿತೋ, ತಿರುಗಿ ಬಂದು ಅವನ ಎದುರಿಗೇ ಕೂತಳು.

ರೊಟ್ಟಿ ಮುರಿದಳು, ಬಹಳ ಸಣ್ಣ ತುಂಡು. ಮುಂದಿನ ಹಲ್ಲಿಗೆ ತಾಗಿಸದೆ ಬೆರಳಿನಿಂದ ಬಲದವಡೆಗೆ ತಳ್ಳಿದಳು. ಅಗಿಯುವಾಗ ತಲೆ ಬಲಕ್ಕೆ ವಾಲಿತು, ಎಡಗೈ ತಾನಾಗಿ ಎಡಗೆನ್ನೆಗೆ ಹೋಯಿತು. ಎಡಗಡೆ ಹಲ್ಲು ಹಲ್ಲಿಗೆ ಸಿಗುತ್ತಿರಲಿಲ್ಲ. ನುಂಗುವ ಮೊದಲು ಒಮ್ಮೆ ನಿಲ್ಲುತ್ತಿದ್ದಳು, ಕತ್ತಲಲ್ಲಿ ಮೆಟ್ಟಿಲು ಹುಡುಕುವವರ ಹಾಗೆ. ಒಂದು ತುಂಡಿಗೆ ಇಷ್ಟು ಹೊತ್ತು. ಅವನು ತನ್ನದು ಅಗಿಯುವುದನ್ನು ಮರೆತು ನೋಡಿದ. ಹದಿಮೂರು ತಿಂಗಳಲ್ಲಿ ಅವಳ ಬಾಯನ್ನು ಎಂಟು ಸಲ ತೆರೆಸಿ ನೋಡಿದ್ದ, ದೀಪ ಹಾಕಿ, ಸ್ಕೇಲು ಹಿಡಿದು. ಅವಳು ಉಣ್ಣುವುದನ್ನು ನೋಡುತ್ತಿದ್ದುದು ಇದೇ ಮೊದಲು. ಅವಳೂ ತಿಳಿದೇ ತೋರಿಸುತ್ತಿದ್ದಳು. ನೋಡುತ್ತಿದ್ದಾನೆಂದು ಗೊತ್ತಾದರೂ ಕೈ ನಿಲ್ಲಿಸಲಿಲ್ಲ.

"ಸಾಲ್ಯಾಗ ಏನಾತ್ರಿ? ಬೆಳಿಗ್ಗೆ ಹೇಳಾಕ ಹೋಗಿ ಬಿಟ್ರಿ," ಎಂದು ಕೇಳಿದ.

"'ಸ' ಅನ್ನಾಕ ಹೋದ್ರ ಗಾಳಿ ಹೋಗ್ತದ್ರಿ. ಸರಸ್ವತಿ ಅಂತ ಪಾಠದಾಗ ಬಂದದ. ನಾ ಹೆಂಗ ಅಂತೀನೋ ಮಕ್ಕಳೂ ಹಂಗೇ ಅಂತಾವ. ಮೊದಲು ಆಡಿಕೊಳ್ಳಾಕತ್ತ್ಯಾರ ಅಂತ ಒಬ್ಬಾಕಿಗೆ ಹೊಡದೆ." ಅವಳು ತಾಟನ್ನು ನೋಡಿದಳು. "ಆಡಿಕೊಂಡಿದ್ದಿಲ್ಲರಿ ಆಕಿ. ಹಂಗೇ ಅನ್ನಬೇಕಂತ ತಿಳಕೊಂಡಿದ್ಳು. ನನ್ನ ಕಡಿಂದೇ ಕಲತಾಳಲ್ಲ."

ಹೊರಗೆ ಓಣಿಯಲ್ಲಿ ತರಕಾರಿಯ ಗಾಡಿ ಹೋಯಿತು. ಬಸವಕುಮಾರ ಕೈ ತೊಳೆದು ಬಂದು ಕೂತು, ಈ ಸಲ ಸಣ್ಣದಾಗಿ ಹೇಳಿದ. ಸೋಮವಾರ ಕಲಬುರಗಿಗೆ ಹೋಗೋಣ. ಪೂರ್ತಿ ದವಡೆಯ ಸ್ಕ್ಯಾನು ತೆಗೆಸೋಣ. ತನಗಿಂತ ಹಿರಿಯ ಡಾಕ್ಟರೊಬ್ಬರಿದ್ದಾರೆ, ಅವರು ನೋಡಲಿ. ಪ್ಲೇಟು ಸಡಿಲಾಗಿದೆಯೋ, ಮೂಳೆ ಕೂಡಿದೆಯೋ ಅದರಲ್ಲಿ ಕಂಡೀತು. ಕಾಣದೆಯೂ ಇರಬಹುದು. ತಂತಿ ಹಾಕಿ ಹಲ್ಲಷ್ಟೇ ಸರಿಮಾಡಿದರೆ ಸಾಕೋ, ಮತ್ತೆ ತೆರೆಯಬೇಕೋ, ಅವರು ಹೇಳುತ್ತಾರೆ. ತೆರೆಯುವುದಾದರೆ ತಾನು ತೆರೆಯುವುದಿಲ್ಲ, ಅವರು. ಆದರೆ ಜೊತೆಗೆ ಬರುತ್ತೇನೆ. "ಎಲ್ಲಿ ತನಕ ಸರೀತದ ಅಂತ ಕೇಳಿದ್ರಿ. ನನಗ ಗೊತ್ತಿಲ್ಲ. ತಿಂಗಳಿಗೊಮ್ಮೆ ಅಳದ್ರ ತಿಳೀತದ. ಇನ್ನ ಮ್ಯಾಲ ಬ್ಯಾರೆಯವರ ಕೈಲೆ ಅಳಸ್ತೀನಿ."

ಕುಬ್ರಾಬೇಗಂ ಮಗಳ ಮುಖ ನೋಡಿದಳು. ಫರ್ಹೀನ್ ಎದ್ದು ಕಾಪಿ ಪುಸ್ತಕಗಳ ಅಟ್ಟಿಯಿಂದ ಒಂದು ಹಾಳೆ ಎಳೆದು, ಗೋಡೆಗೆ ಒರಗಿ, ಮೊಣಕಾಲ ಮೇಲೆ ಇಟ್ಟುಕೊಂಡು ರಜೆಯ ಅರ್ಜಿ ಬರೆಯತೊಡಗಿದಳು. ಮುಖ್ಯಗುರುಗಳಿಗೆ, ಎಂದು. ಸೋಮವಾರ ಒಂದು ದಿನ, ಎಂದು. ಆಮೇಲೆ ಪೆನ್ನು ನಿಂತಿತು. ಅವನಿಗೆ ಅವಳು ಈಗ ರಜೆಯ ಕಾರಣ ಬರೆಯಬೇಕಾಗಿದೆ ಎಂಬುದು ಗೊತ್ತಿತ್ತು, ಅದಕ್ಕೆ ತಕ್ಕ ಒಂದು ಮಾತು ಹೇಳಿಕೊಡಲು ಹುಡುಕಿದ, ಸಿಗಲಿಲ್ಲ. ಅವಳೇ ಬರೆದಳು: ಸ್ವಂತ ಕೆಲಸದ ನಿಮಿತ್ತ. ಸಹಿ ಹಾಕಿ ಮಡಚಿದಳು.

ಅವನ ಮನಸ್ಸು ಆಗಲೇ ಕಲಬುರಗಿಯಲ್ಲಿತ್ತು. ಹಿರಿಯ ಡಾಕ್ಟರ ಮೇಜಿನ ಮುಂದೆ ಹೇಗೆ ಶುರುಮಾಡಬೇಕು, ಪ್ರಬಂಧದಿಂದಲೋ, ಆರು ವಾರದ ಪುಟದಿಂದಲೋ, ಹೇಳಿದ ಮೇಲೆ ಅವರು ಹೇಗೆ ನೋಡಿಯಾರು, ಪರವಾಗಿಲ್ಲ ಬಿಡಪ್ಪ ಎಂದಾರೋ, ಅನ್ನದಿದ್ದರೆ ಏನು. ತುಟಿ ಅಲುಗುತ್ತಿದ್ದವೇನೋ.

"ಸರ್," ಎಂದಳು ಫರ್ಹೀನ್. ಆ 'ಸ'ದಲ್ಲಿ ಗಾಳಿ ಹೋದದ್ದು ಈಗ ಅವನಿಗೆ ಕೇಳಿಸಿತು. "ಅಲ್ಲಿ ಹೋದ ಮ್ಯಾಲ ಮೊದಲು ನಿಮ್ಮದು ಹೇಳಬ್ಯಾಡ್ರಿ. ಮೊದಲು ಅವರು ನನ್ನ ಬಾಯಿ ನೋಡಲಿ."

ಬೈದಳೋ, ಮನ್ನಿಸಿದಳೋ, ಬರೇ ಸೋಮವಾರದ ಕೆಲಸ ಹೇಳಿದಳೋ ಅವನಿಗೆ ತಿಳಿಯಲಿಲ್ಲ. "ಹೂಂನ್ರಿ," ಎಂದ.